ಇಂಡೆಕ್ಸ್ ಅರ್ಥವಾಗಲಿಲ್ಲ ಅಂದೆ

ಜೂನ್ ೯, ಸೋಮವಾರ

ನಲ್ಲಿ ನೀರು ಬಂತು. ಡ್ರಮ್ ತುಂಬಿಸಿದೆ. ಮಗ ದೇವೇಂದ್ರ ಸೋಂಪುರದ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದಾನೆ. ಸೊಸೆ ಕವಿತ ಹೈವೇ ಪಕ್ಕದ ಗೋಡೌನಿಗೆ ಪ್ಯಾಕಿಂಗ್ ಕೆಲಸಕ್ಕೆ ಹೋದಳು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ "ಅತ್ತೆ, ಬೇಳೆ ನೆನೆಸಿದ್ದೀನಿ" ಅಂದಳು. ಅಷ್ಟೇ. ಮೊಮ್ಮಗಳು ಸಿಂಚನ ರೂಮಿನಲ್ಲಿ. ಕಿವಿಗೆ ಹೆಡ್‌ಫೋನ್. ಕಂಪನಿ ಕೆಲಸ, ಮನೆಯಿಂದಲೇ. ಅವಳ ಮೀಟಿಂಗ್ ಅಂತ ಟಿವಿ ಹಾಕುವಂತಿಲ್ಲ. ಮಗನ ನಿದ್ದೆ ಅಂತ ಪಾತ್ರೆ ಸದ್ದು ಮಾಡುವಂತಿಲ್ಲ.

ಬೆಳಗಿನಿಂದ ಮಾತಾಡಿದ್ದು ಹಾಲಿನವನ ಜೊತೆ. "ಏನಪ್ಪಾ, ಹಸು ಕೆರೇಲೇ ನಿಂತ್ಕಂಡು ಕರೆಸ್ಕಂತಾ?" ಅಂದೆ. ನಕ್ಕ. ಗಾಡಿ ಸ್ಟಾರ್ಟ್ ಮಾಡಿಕೊಂಡು ಹೋದ. ಇನ್ನೊಂದು ಗಳಿಗೆ ನಿಂತಿದ್ದರೆ ಇನ್ನೂ ನಾಲ್ಕು ಮಾತಿತ್ತು.

ಬರೆಯುವುದಕ್ಕೆ ಬೇರೆ ಕಾರಣವಿಲ್ಲ. ತ್ಯಾಮಗೊಂಡ್ಲು ಕಡೆಯ ನಮ್ಮೂರ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸಿಗೆ ಬಿಡಿಸಿದರು. ಕಲಿತ ಅಕ್ಷರ ಕೈಬಿಟ್ಟು ಹೋಗದಿರಲಿ ಅಂತ. ಮತ್ತೆ... ಇಲ್ಲಾದರೂ ಮಾತಾಡಬೇಕಲ್ಲ.

ಜೂನ್ ೧೦, ಮಧ್ಯಾಹ್ನ

ಸೊಪ್ಪು ಬಿಡಿಸುತ್ತಿದ್ದೆ. ಸಿಂಚನ ಲ್ಯಾಪ್‌ಟಾಪ್ ಎತ್ತಿಕೊಂಡು ಅಡುಗೆಮನೆಗೇ ಬಂದಳು. ಗಾಬರಿಯಾಯಿತು. ಕರೆಂಟ್ ಹೋಯಿತಾ ಅಂದೆ.

"ಇಲ್ಲ ಅಜ್ಜಿ. ನಿನ್ನಿಂದ ಒಂದು ಹೆಲ್ಪ್ ಆಗ್ಬೇಕು."

ವಿಷಯ ಇದು. ಅವಳ ಕಂಪನಿ ಡೇಟಾಬೇಸ್ ಮಾಡುತ್ತದೆ. ಲಕ್ಷಾಂತರ ಹೆಸರು, ಊರು, ಫೋನ್ ನಂಬರು ಎಲ್ಲ ಕಂಪ್ಯೂಟರಿನೊಳಗೆ ಸಾಲುಸಾಲಾಗಿ ಜೋಡಿಸಿಡುವ ಸಾಧನವಂತೆ. ಅದನ್ನು ಬಳಸುವುದು ಹೇಗೆ ಅಂತ ಡಿಪ್ಲೊಮಾ ಓದುವ ಮಕ್ಕಳಿಗೆ ಕನ್ನಡದಲ್ಲಿ ಪುಟಗಳು ಬೇಕು. ಯಾರೋ ಇಂಗ್ಲಿಷಿನಿಂದ ಇಳಿಸಿದ್ದಾರೆ, ಓದಿದರೆ ಯಾರಿಗೂ ತಲೆಬುಡ ತಿಳಿಯುತ್ತಿಲ್ಲ. ಅದರಲ್ಲಿ 'ಇಂಡೆಕ್ಸ್' ಅನ್ನುವ ಅಧ್ಯಾಯದ ಮಾತು ತಿದ್ದುವ ಕೆಲಸ ಇವಳದು. ಮೇಲಿನವನು ವೇಣುಗೋಪಾಲ್ ಅಂತ. ಅವನದೊಂದು ಪದ್ಧತಿ. ಕಂಪ್ಯೂಟರ್ ಗೊತ್ತಿಲ್ಲದ ಒಬ್ಬರಿಗೆ ಪುಟ ಓದಿ ಹೇಳಬೇಕು. ಅವರು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಹೇಳಿದರೆ ಪುಟ ಪಾಸು. ಹೇಳದಿದ್ದರೆ ತಪ್ಪು ಕೇಳಿದವರದಲ್ಲ, ಬರೆದವರದು.

"ಕಂಪ್ಯೂಟ್ರು ಗೊತ್ತಿಲ್ದೋರು ಅಂದ್ರೆ ನಾನೇ ಸಿಕ್ಕಿದ್ನಾ? ಬೀದೀಲಿ ನಾಯಿ ಐತಲ್ಲ."

"ನಾಯಿ ತಿರುಗಿ ಹೇಳಲ್ಲ ಅಜ್ಜಿ."

"ಹೇಳಿರ್ತದೆ. ನಿನ್ ಕಿವೀಗೆ ಹೆಡ್‌ಫೋನ್ ಇರ್ತದಲ್ಲ."

ಓದಿದಳು. 'ಸೂಚಿಕೆಯು ದತ್ತಾಂಶ ಮರುಪ್ರಾಪ್ತಿಯ ವೇಗವನ್ನು ವರ್ಧಿಸುವ ಸಲುವಾಗಿ ನಿರ್ಮಿಸಲ್ಪಡುವ ಪೂರಕ ಸಂರಚನೆಯಾಗಿರುತ್ತದೆ.'

"ಇದೇನು ಮಗಾ, ರಸ್ತೆ ಅಗಲ ಮಾಡ್ತೀವಿ ಮನೆ ಖಾಲಿ ಮಾಡಿ ಅಂತ ನೋಟಿಸಾ?"

ಹೊಟ್ಟೆ ಹಿಡಿದುಕೊಂಡು ನಕ್ಕಳು. ಈ ಮನೆಯಲ್ಲಿ ನನ್ನ ಮಾತಿಗೆ ಯಾರಾದರೂ ಹಾಗೆ ನಕ್ಕು ಎಷ್ಟು ಕಾಲವಾಯಿತೋ. ನಾನೂ ನಕ್ಕೆ. ಒಳಗಿನಿಂದ ದೇವೇಂದ್ರ "ಸ್ವಲ್ಪ ಮೆತ್ತಗೆ" ಅಂದ.

ಹೋಗುವಾಗ ಇನ್ನೊಂದು ಮಾತು ಹೇಳಿದಳು. ಇದಕ್ಕೆ ಮೊದಲು ಇವಳು ರಾತ್ರಿಯಿಡೀ ಫೋನ್ ಎತ್ತಿ ಯಾರ್ಯಾರದೋ ಬೈಗುಳ ಕೇಳುವ ಸಪೋರ್ಟ್ ಸೆಕ್ಷನ್ನಿನಲ್ಲಿದ್ದಳು. ಬೆಳಗಾದರೆ ಕಣ್ಣು ಕೆಂಡ. ಬರೆಯುವ ಕೆಲಸ ತಾನೇ ಕೇಳಿ ಹಾಕಿಸಿಕೊಂಡಿದ್ದಾಳೆ. ಜುಲೈ ಮೊದಲ ವಾರ ಈ ಅಧ್ಯಾಯ ಕೊಡಬೇಕು. ಚೆನ್ನಾಗಿ ಬಂದರೆ ಇಲ್ಲೇ. ಇಲ್ಲದಿದ್ದರೆ ವಾಪಸ್ ಆ ಫೋನಿಗೆ.

ಜೂನ್ ೧೨

ತಿದ್ದಿ ತಂದಳು. ಈ ಸಲ ಓದಿದ್ದು ಹೀಗಿತ್ತು: 'ಟೇಬಲ್‌ನಲ್ಲಿ ಒಂದು ಹೆಸರು ಹುಡುಕಲು ಹೇಳಿದರೆ ಡೇಟಾಬೇಸ್ ಮೊದಲ ಸಾಲಿನಿಂದ ಶುರುಮಾಡಿ ಎಲ್ಲ ಸಾಲುಗಳನ್ನೂ ಓದುತ್ತದೆ. ಹೆಸರುಗಳಿಗೆ ಇಂಡೆಕ್ಸ್ ಮಾಡಿಟ್ಟಿದ್ದರೆ ಆ ಹೆಸರು ಯಾವ ಸಾಲಿನಲ್ಲಿದೆ ಎಂದು ಅಲ್ಲಿ ನೋಡಿಕೊಂಡು ನೇರವಾಗಿ ಹೋಗುತ್ತದೆ.'

ಎಷ್ಟು ನೀಟಾಗಿದೆ. ಅಡ್ಡಿಯಿಲ್ಲದ ರಸ್ತೆಯಲ್ಲಿ ನಡೆದ ಹಾಗೆ.

"ಗೊತ್ತಾಯ್ತು ಬಿಡು. ನಿಮ್ಮಮ್ಮನ ಗೋಡೌನು. ಯಾವ ಸಾಮಾನು ಎಲ್ಲೈತೆ ಅಂತ ಬಾಗಲಲ್ಲಿ ಬೋರ್ಡ್ ಇಲ್ದಿದ್ರೆ ಒಂದ್ ಮಿಕ್ಸಿ ಹುಡುಕೋಕೆ ಎಲ್ಲಾ ರ‍್ಯಾಕೂ ಅಲೀಬೇಕು. ಬೋರ್ಡ್ ಇದ್ರೆ ಸೀದಾ ಹೋಗಿ ಎತ್ಕಂಡು ಬರ್ತಾಳೆ. ಬೋರ್ಡೇ ಇಂಡೆಕ್ಸು."

"ಪಾಸ್!" ಅಂದಳು. ಕೆನ್ನೆ ಹಿಂಡಿದಳು. ಲ್ಯಾಪ್‌ಟಾಪ್ ಮುಚ್ಚಿ ಎದ್ದು ಓಡಿದಳು. ರೂಮಿನ ಬಾಗಿಲು. ಹೆಡ್‌ಫೋನು.

ಅವಳು ಕೂತ ಮಣೆ ಅಲ್ಲೇ ಇತ್ತು. ಲೋಟದಲ್ಲಿ ಅರ್ಧ ಕಾಫಿ. ಮಾತಾಡುತ್ತ ಮಾತಾಡುತ್ತ ಅವಳು ಬಿಡಿಸಿಟ್ಟ ನಾಲ್ಕು ಹುರುಳಿಕಾಯಿ. ನಾರು ತೆಗೆದಿರಲಿಲ್ಲ, ಮತ್ತೆ ತೆಗೆದೆ.

ಬೇಗ ತಿಳಿದುಕೊಂಡದ್ದಕ್ಕೆ ಸಿಕ್ಕ ಬಹುಮಾನ ಅಷ್ಟು.

ಜೂನ್ ೧೩

ಎರಡನೇ ಪುಟ ತಂದಳು. 'ಹೊಸ ಸಾಲು ಸೇರಿಸಿದಾಗಲೆಲ್ಲ ಡೇಟಾಬೇಸ್ ಇಂಡೆಕ್ಸನ್ನೂ ತಿದ್ದಬೇಕು. ಇಂಡೆಕ್ಸ್‌ಗಳು ಹೆಚ್ಚಿದಷ್ಟೂ ಸೇರಿಸುವ ಕೆಲಸ ನಿಧಾನವಾಗುತ್ತದೆ. ಆದ್ದರಿಂದ ನೀವು ಹೆಚ್ಚಾಗಿ ಹುಡುಕುವ ಕಾಲಂಗಳಿಗೆ ಮಾತ್ರ ಇಂಡೆಕ್ಸ್ ಮಾಡಿ.'

ಒಂದೇ ಸಲಕ್ಕೆ ಗೊತ್ತಾಯಿತು. ಹೊಸ ಸಾಮಾನು ಬಂದಾಗಲೆಲ್ಲ ಬೋರ್ಡೂ ಬದಲಿಸಬೇಕು, ಹತ್ತು ಬೋರ್ಡ್ ನೇತುಹಾಕಿದರೆ ಹತ್ತನ್ನೂ ಬದಲಿಸುತ್ತ ಕೂರಬೇಕು. ಹೇಳಲು ಬಾಯಿ ತೆರೆದೆ. ಆಗ ಕಂಡಿತು — ಅವಳ ಕೈ ಲ್ಯಾಪ್‌ಟಾಪಿನ ಮುಚ್ಚಳದ ಮೇಲಿತ್ತು. ಮುಚ್ಚಲು ತಯಾರಾಗಿ.

"ಅರ್ಥ ಆಗ್ಲಿಲ್ಲ ಮಗಾ" ಅಂದೆ.

ಕೈ ತೆಗೆದಳು. ಮಣೆ ಹತ್ತಿರಕ್ಕೆ ಎಳೆದುಕೊಂಡಳು. "ಎಲ್ಲಿ ಅರ್ಥ ಆಗ್ಲಿಲ್ಲ ಅಜ್ಜಿ? ಮೊದಲ್ನೇ ಸಾಲಾ, ಎರಡ್ನೇದಾ?"

"ಎಲ್ಲಾನೂ."

ದೀಪ ಹಚ್ಚುವ ಹೊತ್ತಿನವರೆಗೂ ಕೂತಿದ್ದಳು.

ಜೂನ್ ೧೮, ಬುಧವಾರ

ದಿನಾ ಬರುತ್ತಾಳೆ. ದೇವೇಂದ್ರ ಎದ್ದು ಹಲ್ಲುಜ್ಜುತ್ತ ನೋಡಿದ. "ಏನಮ್ಮ, ಕಂಪನಿ ಸೇರ್ಕಂಡ್ಯಾ?"

"ಹೂಂ ಕಣೋ. ನಿನ್ ಥರ ಪಾಳಿ ಇಲ್ಲ, ಕ್ಯಾಂಟೀನ್ ಊಟ ಇಲ್ಲ. ಇದ್ದಲ್ಲೇ ದೊಡ್ ಆಫೀಸರ್ರು."

ತಪ್ಪು ಹೇಳುವುದೂ ಒಂದು ಕೆಲಸ. ಪೂರಾ ದಡ್ಡಿಯ ಹಾಗೆ ಹೇಳಿದರೆ ಇವಳಿಗೆ ಬೇಸರ ಬಂದು ಎದ್ದು ಹೋಗುತ್ತಾಳೆ. ಹತ್ತಿರ ಹತ್ತಿರ ಹೋಗಿ ಕೊನೆಯಲ್ಲಿ ಜಾರಬೇಕು. ಇವತ್ತು ಎಲ್ಲ ಸರಿಯಾಗಿ ಹೇಳಿ ಕೊನೆಗೆ "ಹಂಗಾದ್ರೆ ಎಲ್ಲಾ ಕಾಲಮ್ಮಿಗೂ ಒಂದೊಂದು ಇಂಡೆಕ್ಸ್ ಹಾಕ್ಬಿಡು, ಪೀಡೆ ಹೋಗ್ಲಿ" ಅಂದೆ. ತಲೆ ಹಿಡಿದುಕೊಂಡಳು. "ಅಯ್ಯೋ ಅಜ್ಜಿ, ಅದೇ ಬೇಡ ಅಂತಾನೆ ಇಷ್ಟೊತ್ತು ಓದಿದ್ದು!"

ಮತ್ತೆ ಬರೆದಳು. ನಾನು ಮತ್ತೆ ಕಾಫಿ ಇಟ್ಟೆ.

ನಡುವೆ ಬೇರೆ ಮಾತೂ ಬರುತ್ತದೆ. ಗೆಳತಿ ದಿವ್ಯಳಿಗೆ ಮದುವೆ ಗೊತ್ತಾಗಿದೆ, ಹುಡುಗ ಫೋಟೋದಲ್ಲಿ ಒಂಥರ, ಎದುರಿಗೆ ಇನ್ನೊಂಥರ. ಆ ಫೋನಿನ ಕೆಲಸದಲ್ಲಿ ಒಬ್ಬ ದಿನಾ ಫೋನ್ ಮಾಡಿ ಬೈದು, ಒಂದು ದಿನ ಸುಮ್ಮನೆ ಅತ್ತನಂತೆ. ಇದನ್ನು ಯಾರಿಗೂ ಹೇಳಿರಲಿಲ್ಲವಂತೆ. ನನಗೆ ಹೇಳಿದಳು. ಹುರುಳಿಕಾಯಿಯ ನಾರು ತೆಗೆಯುವುದೂ ಈಗ ಬರುತ್ತದೆ ಅವಳಿಗೆ.

ಜೂನ್ ೨೦

ಉಳಿದ ಪುಟಗಳಲ್ಲೂ ಇವತ್ತು 'ದತ್ತಾಂಶ' ಹೋಯಿತು, 'ಮಾಹಿತಿ' ಬಂತು. 'ನಿರ್ಮಿಸಲ್ಪಡುವ' ಅನ್ನುವ ಜಾತಿಯ ಮಾತೆಲ್ಲ ಹೋಯಿತು. ಯಾರು ಏನು ಮಾಡುತ್ತಾರೆ ಅನ್ನುವುದು ನೇರವಾಗಿ ಬರಬೇಕಂತೆ. ಓದುವವರು ಸುತ್ತಿಕೊಂಡು ಹೋಗಬಾರದಂತೆ. ಇವಳು ಹೇಳುವಾಗ ಮುಖ ನೋಡಬೇಕು. ಒಂದು ಮಾತು ಕಿತ್ತು ಇನ್ನೊಂದು ಇಟ್ಟು, ಬಾಯಲ್ಲಿ ಆಡಿಸಿ, ಮತ್ತೆ ಕೀಳುತ್ತಾಳೆ. ಅವರಮ್ಮ ಸೀರೆ ಅಂಗಡಿಯಲ್ಲಿ ಮಾಡುವುದೂ ಇದನ್ನೇ, ಪಾಪ ಅಂಗಡಿಯವನು.

ಮೂರನೇ ಪುಟ. ಎರಡು ಕಾಲಂ ಸೇರಿಸಿ ಮಾಡುವ ಇಂಡೆಕ್ಸ್. ಮೊದಲು ಊರು, ಆಮೇಲೆ ಹೆಸರು. ಊರು ಹೇಳಿದರೆ ಬೇಗ ಸಿಗುತ್ತದೆ. ಊರೂ ಹೆಸರೂ ಹೇಳಿದರೆ ಇನ್ನೂ ಬೇಗ. ಊರು ಬಿಟ್ಟು ಬರೀ ಹೆಸರು ಹೇಳಿದರೆ ಆ ಇಂಡೆಕ್ಸ್ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ.

ನೆಲಮಂಗಲ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಗಂಗಮ್ಮನ ಮನೆ ಎಲ್ಲಿ ಅಂತ ಕೇಳಿದ ಹಾಗೆ. ಯಾವ ಊರ ಗಂಗಮ್ಮ?

ಗೊತ್ತಾಗಲಿಲ್ಲ ಅಂದೆ.

"ನಾನು ಸರಿಯಾಗಿ ಬರೆದಿಲ್ಲ ಅನ್ಸುತ್ತೆ" ಅಂದಳು. ಮೊನ್ನೆವರೆಗೆ 'ನೀನು ಗಮನ ಕೊಡ್ತಿಲ್ಲ' ಅನ್ನುತ್ತಿದ್ದಳು.

ಜೂನ್ ೨೨, ಭಾನುವಾರ

ರಜೆ. ದೇವೇಂದ್ರ ಮಲಗಿದ. ಕವಿತ ಬಟ್ಟೆ ಒಗೆದು, ಫೋನ್ ಹಿಡಿದು ಕೂತಳು. ಸಿಂಚನ ದಿವ್ಯಳ ಜೊತೆ ಬೆಂಗಳೂರಿಗೆ, ಮದುವೆ ಬ್ಲೌಸ್ ಹೊಲಿಯಲು ಕೊಡುವುದಕ್ಕೆ. ಹೈವೇಯಲ್ಲಿ ಲಾರಿಗಳಿಗೆ ರಜೆಯಿಲ್ಲ. ಏರಿನಲ್ಲಿ ಗೇರ್ ಬದಲಿಸುವ ಸದ್ದಿನಲ್ಲೇ ಲೋಡಿದೆಯೋ ಖಾಲಿಯೋ ಹೇಳಬಲ್ಲೆ ಈಗ.

ಸೋಮವಾರ ಬೇಗ ಬರಲಿ ಅಂತ ಕಾಯುವವಳು ಈ ಬೀದಿಯಲ್ಲಿ ನಾನೊಬ್ಬಳೇ ಇರಬೇಕು.

ಜೂನ್ ೨೫

ಕಾಫಿ ತೆಗೆದುಕೊಂಡು ಹೋದೆ. ರೂಮಿನ ಬಾಗಿಲು ಅರ್ಧ ತೆರೆದಿತ್ತು. ಹೆಡ್‌ಫೋನ್ ಹಾಕಿರಲಿಲ್ಲ, ವೇಣುಗೋಪಾಲನ ದನಿ ಹೊರಗೇ ಕೇಳುತ್ತಿತ್ತು.

"ಸಿಂಚನಾ, ಇದೇನಾಗಿದೆ? ಒಂದು ಪುಟ ಇದ್ದಿದ್ದು ನಾಲ್ಕು ಪುಟ ಆಗಿದೆ. ಉದಾಹರಣೆಗೆ ಒಂದು ಉದಾಹರಣೆ, ಅದಕ್ಕೆ ಇನ್ನೊಂದು. ಡಿಪ್ಲೊಮಾ ಮಕ್ಕಳಿಗೆ ಬರೀತಿದ್ದೀರೋ ಅಂಗನವಾಡಿಗೋ?"

"ಸರ್, ಚಿಕ್ಕದಾಗೇ ಬರೆದಿದ್ದೆ. ರೀಡರ್‌ಗೆ ಅರ್ಥ ಆಗ್ತಿಲ್ಲ."

"ಹಾಗಾದ್ರೆ ರೀಡರ್ ಬದಲಾಯಿಸಿ."

ಒಳಗೆ ಹೋಗಲಿಲ್ಲ. ಕಾಫಿ ತಂದು ಒಲೆಯ ಪಕ್ಕ ಇಟ್ಟೆ. ಆರಿತು. ನಾನೇ ಕುಡಿದೆ.

ಜೂನ್ ೨೭

ಪಕ್ಕದ ಮನೆಯ ಮುನಿಗಂಗಮ್ಮ ಬಂದು ನನ್ನ ಅಡುಗೆಮನೆಯಲ್ಲಿ ಕೂತಿದ್ದಾಳೆ. ಅದೇ ಮಣೆ. ಸಿಂಚನ ಹೋಗಿ ಕರೆದುಕೊಂಡು ಬಂದಳಂತೆ. ನನಗೆ ಹೇಳಲಿಲ್ಲ. "ಅಜ್ಜಿ, ನಿಂಗೂ ಸುಸ್ತಾಗಿತ್ತಲ್ವಾ" ಅಂದಳು, ಮುಖ ನೋಡದೆ.

ನಾನು ಬೆನ್ನು ಹಾಕಿ ಚಟ್ನಿಗೆ ರುಬ್ಬುತ್ತಿದ್ದೆ. ಮಿಕ್ಸಿ ಹಾಕಲಿಲ್ಲ. ಒರಳು. ಕೇಳಿಸಬೇಕಲ್ಲ.

ಸಿಂಚನ ಓದಿದಳು. ಮುನಿಗಂಗಮ್ಮ "ಶಾನೆ ಚೆನ್ನಾಗೈತೆ ಕಣವ್ವ" ಅಂದಳು.

"ಏನು ಅರ್ಥ ಆಯ್ತು ಹೇಳಿ ಆಂಟಿ."

"ಅದೇ... ಕಂಪ್ಯೂಟ್ರು ಹುಡುಕ್ತದೆ. ಸಿಕ್ತದೆ. ಎಲ್ಲಾ ಒಳ್ಳೇದಾಗ್ತದೆ ಬಿಡು, ನಿನ್ ಕೈಗುಣ ಚೆನ್ನಾಗೈತೆ."

ಎರಡನೇ ಪುಟಕ್ಕೂ ಚೆನ್ನಾಗೈತೆ. ಮೂರಕ್ಕೂ ಚೆನ್ನಾಗೈತೆ. ಸಿಂಚನ ಪರೀಕ್ಷೆಗೆಂದು ಅಕ್ಕಿ ಅಂಗಡಿಯ ಬಿಲ್ಲು ಓದಿದ್ದರೂ ಚೆನ್ನಾಗೈತೆ ಅಂತಿದ್ದಳು ಮಹಾತಾಯಿ. ಕಾಫಿಗೆ ಮಾತ್ರ "ಸಕ್ರೆ ಒಂಚೂರು ಕಮ್ಮಿ" ಅಂದಳು.

ಒಬ್ಬಳು ಎಲ್ಲಕ್ಕೂ ಇಲ್ಲ ಅಂದಳು. ಇನ್ನೊಬ್ಬಳು ಎಲ್ಲಕ್ಕೂ ಹೂಂ ಅಂದಳು. ಮಗು ಇಬ್ಬರ ನಡುವೆ ಕೂತಿತ್ತು, ಪೆನ್ನಿನ ತುದಿ ಕಚ್ಚುತ್ತ.

ಜೂನ್ ೩೦

ಊಟಕ್ಕೆ ಕೂತಳು. ಮುದ್ದೆ ಮುರಿದು ಹಾಗೇ ಇಟ್ಟಿದ್ದಳು. ಬಸ್ಸಾರು ಅವಳಿಗೆ ಇಷ್ಟ ಅಂತ ಮಾಡಿದ್ದೆ.

"ಅಜ್ಜಿ, ನಂಗೆ ಬರೆಯೋಕೆ ಬರಲ್ಲ ಅನ್ಸುತ್ತೆ. ಸುಮ್ನೆ ಆಸೆ ಪಟ್ಟೆ."

ಆಗ ಹೇಳಬೇಕಿತ್ತು. ನಾಲಿಗೆ ತುದಿಯವರೆಗೆ ಬಂತು. ಈ ಬೀದಿಗೆಲ್ಲ ಉತ್ತರ ಕೊಡುವ ನಾಲಿಗೆ ಇದು.

"ಮುದ್ದೆ ಆರೋಗ್ತದೆ, ತಿನ್ನು" ಅಂದೆ.

ಜುಲೈ ೩, ಗುರುವಾರ

ಬರೆಯಬೇಕೋ ಬೇಡವೋ. ಬರೆಯುತ್ತೇನೆ.

ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದೆ. ಸಿಂಚನ ನಡುಮನೆಯಲ್ಲಿ ಕೂತು ವೇಣುಗೋಪಾಲನ ಜೊತೆ ವಿಡಿಯೋದಲ್ಲಿ ಮಾತಾಡುತ್ತಿದ್ದಳು. ರೂಮಿನಲ್ಲಿ ಸಿಗ್ನಲ್ ಸರಿಯಿರಲಿಲ್ಲವಂತೆ. ದನಿ ಸಣ್ಣಗಿತ್ತು.

"ಸರ್, ಈ ಅಧ್ಯಾಯ ಬೇರೆ ಯಾರಿಗಾದ್ರೂ ಕೊಡಿ. ನಾನು ವಾಪಸ್ ಸಪೋರ್ಟ್‌ಗೆ ಹೋಗ್ತೀನಿ. ನನ್ನಿಂದ ಆಗಲ್ಲ ಸರ್."

ಅವನು ಏನೋ ಹೇಳಲು ಹೋದ. ನಾನು ಒದ್ದೆ ಕೈಯಲ್ಲೇ ಹೋಗಿ ಲ್ಯಾಪ್‌ಟಾಪಿನ ಮುಂದೆ ನಿಂತೆ. ಸೆರಗಿಗೆ ಕೈ ಒರೆಸಿಕೊಳ್ಳಲೂ ನೆನಪಾಗಲಿಲ್ಲ. ಪರದೆಯಲ್ಲಿ ಕನ್ನಡಕದ ಮನುಷ್ಯ, ಹಿಂದೆ ಒಂದು ಕುಂಡದ ಗಿಡ.

"ಏನಪ್ಪಾ ವೇಣುಗೋಪಾಲು, ನಾನೇ ಆ ರೀಡರ್ರು. ಕೇಳು. ಇಂಡೆಕ್ಸ್ ಇಲ್ದಿದ್ರೆ ನಿಮ್ ಡೇಟಾಬೇಸು ಎಲ್ಲಾ ಸಾಲೂ ಓದ್ತದೆ, ಇದ್ರೆ ಸೀದಾ ಆ ಸಾಲಿಗೇ ಹೋಗ್ತದೆ. ಹಂಗಂತ ಕಂಡಿದ್ದಕ್ಕೆಲ್ಲ ಹಾಕ್ಬಾರ್ದು. ಹೊಸ ಸಾಲು ಬಂದಾಗೆಲ್ಲ ಅಷ್ಟೂ ಇಂಡೆಕ್ಸ್ ತಿದ್ದುತ್ತಾ ಕೂರ್ಬೇಕು, ಸೇರ್ಸೋದು ನಿಧಾನ ಆಗ್ತದೆ. ಜಾಸ್ತಿ ಯಾವುದ್ರಲ್ಲಿ ಹುಡುಕ್ತೀವೋ ಅದಕ್ಕೆ ಮಾತ್ರ. ಊರು, ಹೆಸರು ಅಂತ ಎರಡೂ ಸೇರ್ಸಿ ಮಾಡಿದ್ರೆ ಊರು ಮೊದ್ಲು ಹೇಳ್ಬೇಕು. ಬರೀ ಹೆಸರು ಹೇಳ್ಕಂಡು ಹೋದ್ರೆ ಅಲೀಬೇಕು ಅಷ್ಟೇ."

ಅವನು ಪರದೆ ಹತ್ತಿರಕ್ಕೆ ಬಾಗಿದ. ಆಮೇಲೆ ಕನ್ನಡಕ ತೆಗೆದ.

"ಅಮ್ಮಾ, ಇದು ಯಾವ ಡ್ರಾಫ್ಟ್ ಕೇಳಿ ಹೇಳ್ತಿದ್ದೀರಾ? ಈ ನಾಲ್ಕು ಪುಟದ್ದಾ?"

"ಅಲ್ಲ. ಮೊದ್ಲು ಬರೆದಿದ್ದು. ಚಿಕ್ಕದು. ಅದೇ ಚೆನ್ನಾಗಿತ್ತು."

"ಸಿಂಚನಾ, ಆ ಹಳೇ ಡ್ರಾಫ್ಟ್‌ಗಳು ಇದ್ಯಾ? ಅವನ್ನೇ ಕಳಿಸಿ. ಸಪೋರ್ಟ್ ಗಿಪೋರ್ಟ್ ಆಮೇಲೆ ನೋಡೋಣ."

ವಿಡಿಯೋ ಮುಗಿಯಿತು. ಸಿಂಚನ ಕುರ್ಚಿಯಿಂದ ಏಳಲಿಲ್ಲ.

"ಮೊದಲ ಸಲ ಓದ್ದಾಗ್ಲೇ ಗೊತ್ತಾಗಿತ್ತಾ?"

"ಹೂಂ."

"ಎಲ್ಲಾ ಪುಟಾನೂ?"

"ಹೂಂ."

"ನನ್ ಮುಖ ನೋಡ್ಕೊಂಡು ಗೊತ್ತಾಗ್ಲಿಲ್ಲ ಅಂತಿದ್ದೆ. ದಿನಾ. ನಾನು ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ದೆ ಅಜ್ಜಿ, ನಿಂಗೆ ಗೊತ್ತಾ?"

ಗೊತ್ತಿರಲಿಲ್ಲ. ನೀರು ಯಾಕಿಷ್ಟು ಪೋಲು ಮಾಡುತ್ತಾಳೆ ಅಂತ ಬೈದುಕೊಂಡಿದ್ದೆ.

"ಗೇಲಿ ಮಾಡ್ತಿದ್ದೆ ಅಲ್ವಾ. ಹಾಲಿನವನ್ನ, ಅಮ್ಮನ್ನ, ಮುನಿಗಂಗಮ್ಮ ಆಂಟೀನ ಮಾಡೋ ಹಾಗೆ ನನ್ನೂ. ಮಜಾ ಬಂತಾ?"

ಇಲ್ಲ ಅನ್ನಬೇಕಿತ್ತು. ನನ್ನ ಬಾಯಿಗೆ ಬಂದದ್ದು ಬೇರೆ. "ಏನ್ ಹಾಳಾಯ್ತೀಗ? ಪಾಸಾಯ್ತಲ್ಲ" ಅಂದುಬಿಟ್ಟೆ.

ಲ್ಯಾಪ್‌ಟಾಪ್ ಮುಚ್ಚಿದಳು. ಮೆತ್ತಗೆ. ಜೋರಾಗಿ ಮುಚ್ಚಿದ್ದರೆ ಚೆನ್ನಾಗಿರುತ್ತಿತ್ತು.

ಜುಲೈ ೧೨

ಬರೆಯಲು ಏನಿತ್ತು.

ಅಧ್ಯಾಯ ಒಪ್ಪಿದರಂತೆ. ಸಿಂಚನ ಬರೆಯುವ ಸೆಕ್ಷನ್ನಿನಲ್ಲೇ ಉಳಿದಳು. ನನಗೆ ಇದು ಕವಿತಳಿಂದ ಗೊತ್ತಾಯಿತು, ಕವಿತಳಿಗೆ ಸಿಂಚನಳ ಫೋನಿನಿಂದ ಗೊತ್ತಾಯಿತು. ಒಂದೇ ಮನೆ.

ಕಾಫಿ ಲೋಟ ತಾನೇ ತಂದು ತೊಳೆದಿಡುತ್ತಾಳೆ. ತಟ್ಟೆಯೂ. ನನಗೆ ತೊಳೆಯುವ ಕೆಲಸವೂ ಬಿಡುವುದಿಲ್ಲ. "ಊಟಕ್ಕೆ ಬಾ" ಅಂದರೆ ಬರುತ್ತಾಳೆ. "ಸಾಕಾ" ಅಂದರೆ "ಸಾಕು" ಅನ್ನುತ್ತಾಳೆ. ಕೇಳಿದಷ್ಟಕ್ಕೆ ಉತ್ತರ. ಮೊದಲೂ ಮಾತಿರಲಿಲ್ಲ, ನಿಜ. ಆಗ ಅವಳಿಗೆ ಹೊತ್ತಿರಲಿಲ್ಲ. ಈಗ ಹೊತ್ತಿದೆ, ಬಾಗಿಲು ತೆರೆದೇ ಇರುತ್ತದೆ, ಮಾತಿಲ್ಲ. ಇದು ಬೇರೆ ಥರ.

ಕವಿತ ಕೇಳಿದಳು. "ಅತ್ತೆ, ಅವಳಿಗೆ ಏನಂದ್ರಿ?"

"ನಾನೇನಂದೆ? ಏನೂ ಅನ್ನಲಿಲ್ಲ."

"ಅದೇ ಇರ್ಬೇಕು" ಅಂದಳು ಸೊಸೆ. ಇವಳಿಗೆ ಇಷ್ಟು ಮಾತು ಯಾವಾಗ ಬಂತು?

ಮುನಿಗಂಗಮ್ಮ ಬಾಗಿಲಿಗೆ ಬಂದು, "ನಿಮ್ ಮೊಮ್ಮಗಳು ಯಾಕೆ ನನ್ನ ಮತ್ತೆ ಕರೀಲೇ ಇಲ್ಲ, ನಾನು ಎಲ್ಲಾ ಸರಿಯಾಗಿ ಹೇಳಿದ್ನಲ್ಲ" ಅಂದಳು. ಬೇರೆ ದಿನವಾಗಿದ್ದರೆ ಒಳ್ಳೇ ಉತ್ತರ ಸಿಗುತ್ತಿತ್ತು ಅವಳಿಗೆ. ಒಳಗೆ ಬಾ ಅಂದೆ. ಕಾಫಿ ಕೊಟ್ಟೆ, ಸಕ್ಕರೆ ಹೆಚ್ಚು ಹಾಕಿ. ಅವಳ ಮನೆಯಲ್ಲೂ ಹಗಲೆಲ್ಲ ಯಾರೂ ಇರುವುದಿಲ್ಲ, ಈಗ ಹೊಳೆಯಿತು.

ಜುಲೈ ೧೫

ಹೇಳಬೇಕಾದದ್ದನ್ನು ಮೊದಲು ಬರೆದು ನೋಡುತ್ತಿದ್ದೇನೆ.

'ವಯಸ್ಸಾದವರಿಗೆ ಮನೆಯಲ್ಲಿ ಒಂದಿಷ್ಟು ಮಾತುಕತೆ ಬೇಕಾಗಿರುತ್ತದೆ ಎಂಬುದನ್ನು ಚಿಕ್ಕವರು ಅರಿಯಬೇಕು.' ಥೂ. ಇದನ್ನು ಪಂಚಾಯಿತಿ ಗೋಡೆಗೆ ಅಂಟಿಸಬಹುದು. ಹೊಡೆದು ಹಾಕಿದೆ.

'ನೀವೆಲ್ಲ ದೊಡ್ಡ ಮನುಷ್ಯರು. ನನ್ನ ಹತ್ತಿರ ಕೂರೋಕೆ ನಿಮಗೆಲ್ಲಿ ಪುರಸೊತ್ತು.' ಇದು ಚುಚ್ಚುಮಾತು. ಚುಚ್ಚುವುದು ನನಗೆ ಸಲೀಸು. ಹೊಡೆದು ಹಾಕಿದೆ.

'ಗೊತ್ತಾಗಲಿಲ್ಲ ಅಂದರೆ ಕೂತಿರೋದು ಆಗ್ತಿತ್ತು.' ಯಾರು ಅಂದದ್ದು? ಯಾರು ಕೂತಿದ್ದು? ಎರಡನ್ನೂ ನುಂಗಿದ್ದೇನೆ. ಸಿಂಚನ ನೋಡಿದರೆ ಒಪ್ಪುವುದಿಲ್ಲ.

'ನೀನು ಬರೆದಿದ್ದು ಮೊದಲ ಸಲವೇ ನನಗೆ ಗೊತ್ತಾಯಿತು. ಗೊತ್ತಾಯಿತು ಅಂದರೆ ನೀನು ಎದ್ದು ಹೋಗ್ತೀಯ ಅಂತ ನಾನು ಸುಳ್ಳು ಹೇಳಿದೆ.'

ತುಂಬ ಹೊತ್ತು 'ಒಬ್ಬಳೇ ಇರೋಕೆ ಆಗಲ್ಲ' ಅಂತ ಒಂದು ಸಾಲು ಸೇರಿಸಬೇಕೆ ಅಂತ ನೋಡಿದೆ. ಬೇಡ. ಅದಿಲ್ಲದೆಯೂ ತಿಳಿಯುತ್ತದೆ. ಇನ್ನು ತೆಗೆಯಲು ಏನೂ ಇಲ್ಲ, ಬಚ್ಚಿಟ್ಟುಕೊಳ್ಳಲೂ ಜಾಗವಿಲ್ಲ. ಹೇಳುವುದಕ್ಕೆ ಹೆದರಿಕೆಯಾಗುತ್ತದೆ. ನನಗೆ! ಗಂಡನ ಮನೆಯ ಜಗಳದಲ್ಲಿ ಊರ ಹಿರಿಯರನ್ನೇ ಕೂರಿಸಿ ಮಾತಾಡಿಸಿದವಳಿಗೆ.

ಜುಲೈ ೧೬

ಹೇಳಿದೆ.

ಫಿಲ್ಟರಿನಿಂದ ಬಾಟಲಿಗೆ ನೀರು ಹಿಡಿಯುತ್ತಿದ್ದಳು. ಹಿಂದೆ ಹೋಗಿ ನಿಂತು ಹೇಳಿದೆ. ಬರೆದದ್ದಷ್ಟನ್ನೇ. ನಡುವೆ ದನಿ ಸ್ವಲ್ಪ ಆ ಕಡೆ ಈ ಕಡೆ ಹೋಯಿತು, ಮಾತು ಬದಲಾಗಲಿಲ್ಲ. ತಮಾಷೆ ಸೇರಿಸಲಿಲ್ಲ.

ಅವಳು ತಿರುಗಲಿಲ್ಲ. ಬಾಟಲಿ ತುಂಬಿ ಹೊರಗೆ ಹರಿಯಿತು. ನಲ್ಲಿ ನಿಲ್ಲಿಸಿದಳು. ನೆಲ ಒರೆಸಿದಳು, ನಾನು ಒರೆಸುತ್ತೇನೆ ಅಂದರೂ ಬಿಡದೆ.

"ಮೀಟಿಂಗ್ ಇದೆ" ಅಂದಳು. ಹೋದಳು.

ಅಷ್ಟೇ. ಪಾಸೋ ಫೇಲೋ ಹೇಳಲಿಲ್ಲ.

ಜುಲೈ ೧೭

ಬರಲಿಲ್ಲ. ಹುರುಳಿಕಾಯಿ ತಂದಿದ್ದೆ. ಬಿಡಿಸಲು ಮನಸ್ಸಾಗಲಿಲ್ಲ.

ಜುಲೈ ೧೮, ಶುಕ್ರವಾರ, ಮಧ್ಯಾಹ್ನ

ದೇವೇಂದ್ರ ಮಲಗಿದ್ದಾನೆ. ಕವಿತ ಕೆಲಸಕ್ಕೆ. ಒಂದು ಲಾರಿ ಏರು ಹತ್ತುತ್ತಿದೆ, ಪೂರ್ತಿ ಲೋಡು. ಸಿಂಚನಳಿಗೆ ಹೊಸ ಅಧ್ಯಾಯ ಕೊಟ್ಟಿದ್ದಾರಂತೆ, ಇದು ಇಂಗ್ಲಿಷಿನಲ್ಲೇ. ಅದಕ್ಕೆ ರೀಡರ್ ಬೇಡ. ಬೇಕಾದರೂ ನಾನಲ್ಲ. ಸಂಜೆಗೆ ಏನು ಸಾರು ಮಾಡುವುದು ಅಂತ...

ಬಂದಳು. ಅಡುಗೆಮನೆಗೆ. ಕೈಯಲ್ಲಿ ಲ್ಯಾಪ್‌ಟಾಪ್ ಇಲ್ಲ. ಏನೂ ಇಲ್ಲ. ನೆಲದ ಮೇಲೇ ಕೂತಳು, ಗೋಡೆಗೆ ಒರಗಿ. ಹುರುಳಿಕಾಯಿಯ ಮೊರ ಎಳೆದುಕೊಂಡಳು. ಏನೂ ಹೇಳಿಲ್ಲ ಇನ್ನೂ. ನಾನು ತಲೆ ಎತ್ತದೆ ಬರೆಯುತ್ತಿದ್ದೇನೆ. ಎತ್ತಿದರೆ ನಾನೇ ಮಾತು ಶುರುಮಾಡಬೇಕಾಗುತ್ತದೆ, ಶುರುಮಾಡಿದರೆ ಎಲ್ಲಿ ಏನು ಅಂದುಬಿಡುತ್ತೇನೋ.

"ಏನು ಬರೀತಿದ್ದೀಯ ಅಜ್ಜಿ?"

ಏನಿಲ್ಲ ಅಂದೆ.

"ಏನಿಲ್ಲಾಂತ ಯಾರಾದ್ರೂ ಇಷ್ಟುದ್ದ ಬರೀತಾರಾ?"

ದನಿಯಲ್ಲಿ ಇನ್ನೂ ಸ್ವಲ್ಪ ಕೋಪವಿದೆ. ಇರಲಿ. ಪೆನ್ನು ಕೆಳಗಿಡು, ಎಷ್ಟೊತ್ತು ಆ ಪುಸ್ತಕದ ಜೊತೆನೇ ಮಾತಾಡ್ತೀಯ, ದಿವ್ಯಾದು ಒಂದು ವಿಷಯ ಇದೆ ಅನ್ನುತ್ತಿದ್ದಾ...